ಮಾಲಿ ಬಾಳಪ್ಪನ ಬಟ್ಟಲು

೮ ಜನವರಿ ೧೯೭೮, ರವಿವಾರ. ಮಧ್ಯಾಹ್ನ ೩

ವಿಭೂತಿ ಮುಗಿದಿತ್ತು. ಮತ್ತೆ ಬಾಜೂ ಮನೆಯ ಗುರುಪುತ್ರಪ್ಪನವರ ಹತ್ತಿರ ಒಂದು ಗಟ್ಟಿ ಇಸಿದುಕೊಂಡು ಬಂದೆ. ಗೋಪೀಚಂದನ ಹಚ್ಚುವ ಮನೆತನದವನಿಗೆ ತಿಂಗಳಿಗೊಂದು ವಿಭೂತಿ ಗಟ್ಟಿ ಯಾಕೆ ಎಂದು ಅವರು ಇದುವರೆಗೆ ಕೇಳಿಲ್ಲ. ನನ್ನಲ್ಲಿ ಶಿವಭಕ್ತಿ ಮೊಳೆಯುತ್ತಿದೆ ಎಂದು ನಂಬಿದ ಹಾಗಿದೆ. ಅದರಿಂದ ಇಂಗ್ಲೆಂಡಿನ ಸಾಸಿವೆ ಡಬ್ಬಿ ತಿಕ್ಕುತ್ತೇನೆ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಬೆಳ್ಳಿಗೆ ಅಂಥ ಪಾಲಿಶ್ ಮತ್ತೊಂದಿಲ್ಲ.

ನಾನು ಕೂಡಿಸಿದ ಬೆಳ್ಳಿ ಸಾಮ್ರಾಜ್ಯದ ಸದ್ಯದ ಸ್ಥಿತಿ — ಟೀ ಚಮಚ, ಐದು. ಸಕ್ಕರೆ ಎತ್ತುವ ಇಕ್ಕಳ. ಸಾಸಿವೆ ಡಬ್ಬಿ. ಟೋಸ್ಟ್ ನಿಲ್ಲಿಸುವ ಸ್ಟ್ಯಾಂಡು (ಟೋಸ್ಟ್ ನಾನು ಇನ್ನೂ ತಿಂದಿಲ್ಲ, ಹೆಂಡತಿ ಸುಮನ್ ಅದರಲ್ಲಿ ತವರಿನ ಪತ್ರ ಸಿಕ್ಕಿಸುತ್ತಾಳೆ). ಎಲ್ಲ ಎರಡು ಮಹಾಯುದ್ಧಗಳ ನಡುವಿನ ಮಾಲು. ಅದರ ಹಿಂದಿನದು, ಮುಂದಿನದು ನನಗೆ ಬೇಡ. ಯಾಕೆ ಎಂದು ಅವಳು ಕೇಳಿದ್ದಳು. ಎರಡು ಜಗಳಗಳ ನಡುವೆ ಮನುಷ್ಯ ಸಮಾಧಾನದಿಂದ ಚಹಾ ಕುಡಿದ ಕಾಲ ಅದು ಎಂದೆ.

"ನಮ್ಮ ಮನ್ಯಾಗ ಆ ಕಾಲ ಯಾವಾಗ ಬರತದ?" ಎಂದಳು.

ಬೆಳಗಾವಿಯ ದಂಡಿನ ಕ್ಯಾಂಪಿನ ಬಂಗಲೆಗಳಿಂದ ಇಂಗ್ಲಿಷ್ ದೊರೆಗಳು ಹೋಗುವಾಗ ಬಿಟ್ಟದ್ದು, ಕೊಟ್ಟದ್ದು, ಬಟ್ಲರ್‌ಗಳ ಚೀಲದೊಳಗೆ ತಾವಾಗಿಯೇ ಹೋಗಿ ಕುಳಿತದ್ದು... ಮೂವತ್ತು ವರ್ಷ ಕೈ ಬದಲಿಸಿ ಖಾಸಬಾಗದ ರವಿವಾರದ ಸಂತೆಯಲ್ಲಿ ತುಕ್ಕು ಕತ್ತರಿಗಳ ನಡುವೆ ಬಂದು ಮಲಗುತ್ತದೆ. ನಾನು ವಾಚ್ ರಿಪೇರಿಯವನ ಗಾಜು ಕಣ್ಣಿಗೆ ಸಿಕ್ಕಿಸಿಕೊಂಡು ಕೂಡುತ್ತೇನೆ. ನಡೆಯುವ ಸಿಂಹದ ಮುದ್ರೆ ಇದ್ದರೆ ಅಸಲಿ ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನದು. ಪಕ್ಕದ ಅಕ್ಷರ ಹುಟ್ಟಿದ ವರ್ಷ. ನನ್ನ ಜಾತಕವೂ ಇಷ್ಟು ಸ್ಪಷ್ಟವಿಲ್ಲ.

ಇಂದು ಬರಿಗೈ. ಆದರೆ ನಿನ್ನೆ ಆಫೀಸಿನಲ್ಲಿ ಪಂಢರಿನಾಥ ಒಂದು ಸುದ್ದಿ ಕೊಟ್ಟ. ಖಾನಾಪುರದವನು, ದಿನಾ ಟ್ರೇನಿನಲ್ಲಿ ಬಂದು ಹೋಗುತ್ತಾನೆ. "ರಾಯರ, ನಮ್ಮೂರಾಗ ಬಾಳಪ್ಪ ಅಂತ ಒಬ್ಬ ಮುದುಕ ಮಾಲಿ ಇದ್ದಾನ. ಫಾರೆಸ್ಟ್ ಸಾಹೇಬ ದೇಶ ಬಿಡುವಾಗ ಬೆಳ್ಳಿ ಬಟ್ಟಲಾ ಕೊಟ್ಟು ಹೋದ ಅಂತ ಮೂವತ್ತ ವರ್ಷದಿಂದ ಊರ ತುಂಬ ಹೇಳಿಕೋತ ಬಂದಾನ. ಖರೇನೋ ಸುಳ್ಳೋ, ಪಾಂಡುರಂಗಗ ಗೊತ್ತು."

ಪಾಂಡುರಂಗನಿಗೆ ತೊಂದರೆ ಬೇಡ. ಗಾಜು ನನ್ನ ಹತ್ತಿರ ಇದೆ.

೧೫ ಜನವರಿ, ರವಿವಾರ. ಸಂಜೆ ೭

ಸಿಕ್ಕಿತು.

ಅಂಗೈಯಗಲದ ಬಟ್ಟಲು. ಕೆಳಗೆ ಸಣ್ಣ ಪೀಠ. ಲಂಗರು, ಸಿಂಹ, ಅಕ್ಷರ. ಮುದ್ರೆಗಳ ಪುಸ್ತಕ ತೆಗೆದು ನೋಡಿದೆ, ೧೯೩೧. ಹೊಟ್ಟೆಯ ಮೇಲೆ ಕೊರೆದ ಇಂಗ್ಲಿಷು: ಬೆಲ್ಗಾಂ ಫ್ಲವರ್ ಶೋ, ಸ್ವೀಟ್ ಪೀಸ್, ಫಸ್ಟ್ ಪ್ರೈಜ್, ೧೯೩೨. ಕೆಳಗೆ ಸಾಹೇಬನ ಹೆಸರು. ಬಟಾಣಿ ಬಳ್ಳಿಯ ಹೂವಿಗೆ ಇಷ್ಟು ಮರ್ಯಾದೆ ಮಾಡಿದ ಜನ, ಬಿಟ್ಟು ಹೋದದ್ದೇ ಒಳ್ಳೆಯದಾಯಿತು.

ಇಂಥದು ಇಡೀ ಬೆಳಗಾವಿಯಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಸುಮನ್ ಕೇಳಿದ್ದು ಒಂದೇ ಪ್ರಶ್ನೆ. "ಡಬ್ಬಿ ಎಲ್ಲಿ?" ಮೂರು ಅಂತಸ್ತಿನ ಸ್ಟೀಲ್ ಡಬ್ಬಿ. ಅವಳ ತವರಿನದು. ಚಪಾತಿ, ಪಲ್ಯ ಹಾಕಿ ಕೊಟ್ಟಿದ್ದಳು. ಟ್ರೇನಿನಲ್ಲಿ ಮರೆತೆ ಎಂದೆ.

ಇವತ್ತಿಗೆ ಇಷ್ಟು ಸಾಕು.

೧೭ ಜನವರಿ, ಮಂಗಳವಾರ. ಆಫೀಸಿನಲ್ಲಿ, ಊಟದ ಹೊತ್ತು

ಇಷ್ಟು ಸಾಕಾಗಲಿಲ್ಲ. ಬಟ್ಟಲು ಸಿಕ್ಕ ಬಗೆಯನ್ನು ಬರೆಯದೆ ಬಿಟ್ಟೆ. ಯಾರೂ ಓದದ ಪುಸ್ತಕದಲ್ಲಿಯೂ ಮುಖ ಮುಚ್ಚಿಕೊಳ್ಳುವವನು ನಾನೊಬ್ಬನೇ ಇರಬೇಕು.

ಬಾಳಪ್ಪ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಚಂದ್ರವ್ವ ಇದ್ದಳು. ಅಂಗಳದಲ್ಲಿ ಒಡೆದ ಹಂಚಿನ ಬೇಲಿ, ಒಳಗೆ ಗುಲಾಬಿ. "ಬರ್ರಿ, ಕುಂದರ್ರಿ. ಅವ್ರು ಕಚೇರಿ ಮುಂದಿನ ಗಿಡಕ್ಕ ನೀರ ಹಾಕಾಕ ಹೋಗ್ಯಾರ. ಪಗಾರ ಇಲ್ಲ, ಯಾರೂ ಹೇಳಿಲ್ಲ. ಹೋಗ್ತಾರ, ಅಷ್ಟ." ಚಹಾ ಕೊಟ್ಟಳು. ಬಟ್ಟಲಿನ ಮಾತು ತೆಗೆದೆ. ಟ್ರಂಕಿನಿಂದ ಕೆಂಪು ಅರಿವೆಯ ಗಂಟು ತಂದು ಬಿಚ್ಚಿದಳು.

"ಚಲೋ ಯಾಳ್ಯಾಕ್ಕ ಬಂದ್ರಿ. ಮಗನ ಹೊಟ್ಟಿಲೆ ಮೊಮ್ಮಗಳು ಹುಟ್ಯಾಳ್ರೀ. ಕೂಸಿಗೆ ಬೆಳ್ಳಿ ಕರಡಿಗಿ ಮಾಡಸೂದೈತಿ. ನಾಳೆ ಪತ್ತಾರ ರಾಯಪ್ಪ ಬರ್ತಾನ, ಇದನ್ನ ಕರಗಿಸಿ ಮಾಡ ಅಂತ ಕೊಡಾಕಿ."

ಕರಗಿಸಿ!

ಲಂಗರು, ಸಿಂಹ, ೧೯೩೧. ಲಿಂಗ ಇಡುವ ಕರಡಿಗೆಗೆ ಊರಲ್ಲಿ ಬೇರೆ ಬೆಳ್ಳಿ ಇಲ್ಲವೇ? ಹಾಗೆಂದು ಬಾಯಿಬಿಟ್ಟು ಹೇಳಬಹುದಿತ್ತು. ಇದನ್ನು ಉಳಿಸಿ, ಬೇರೆ ಬೆಳ್ಳಿ ನಾನು ತಂದುಕೊಡುತ್ತೇನೆ ಎನ್ನಬಹುದಿತ್ತು. ಅದೆಲ್ಲ ವಾಪಸು ಬರುವ ಟ್ರೇನಿನಲ್ಲಿ ಹೊಳೆಯಿತು. ಅಲ್ಲಿ ಹೊಳೆದದ್ದು ಒಂದೇ. ಗಾಜು ಕಣ್ಣಿಗೆ ಹಚ್ಚಿ, ಡಾಕ್ಟರ್ ನಾಡಿ ಹಿಡಿದಷ್ಟು ಗಂಭೀರವಾಗಿ ನೋಡಿ ಹೇಳಿದೆ —

"ಅವ್ವಾ, ಇದು ಬೆಳ್ಳಿ ಅಲ್ಲ. ಜರ್ಮನ್ ಸಿಲ್ವರ್. ಬೆಳ್ಳಿ ಹಂಗ ಹೊಳಿತದ, ಅಷ್ಟ. ಪತ್ತಾರನ ಮುಂದ ಇಟ್ಟರ ನಗ್ತಾನ."

ಚಂದ್ರವ್ವ ಅರಿವೆಯನ್ನು ಮತ್ತೆ ಗಂಟು ಹಾಕಿದಳು. ಆಮೇಲೆ ಕೈ ಮುಗಿದಳು. ನನಗೆ! "ಶಿವನ, ಖೋಟಾ ಡಬ್ಬ್ಯಾಗ ಲಿಂಗಪ್ಪನ್ನ ಇಡಾಕಿದ್ನಲ್ರೀ. ಪುಣ್ಯಾ ಕಟ್ಕೊಂಡ್ರಿ. ಅವ್ರಿಗಿ ಹೇಳಬ್ಯಾಡ್ರಿ. ಮೂವತ್ತ ವರ್ಷ ಬೆಳ್ಳಿ ಬೆಳ್ಳಿ ಅಂದಾರ, ಗೊತ್ತಾದ್ರ ಎದಿ ಒಡಕೋತಾರ. ನೀವ ಒಯ್ದಬಿಡ್ರಿ ಇದನ್ನ."

ಪುಕ್ಕಟೆ ಒಯ್ಯಲಿಕ್ಕೆ ಮನಸ್ಸು ಒಪ್ಪಲಿಲ್ಲ. (ನನ್ನ ಮನಸ್ಸಿಗೆ ಅಷ್ಟು ಮಾತ್ರ ಸಂಕೋಚ ಇದೆ.) ಡಬ್ಬಿ ಅಲ್ಲೇ ಇಟ್ಟು ಬಂದೆ. ಚಪಾತಿ ಸಮೇತ.

ಕರಗಿ ಹೋಗುತ್ತಿದ್ದದ್ದನ್ನು ಉಳಿಸಿದೆ. ನಿನ್ನೆಯಿಂದ ಈ ವಾಕ್ಯವನ್ನು ನೂರು ಸಲ ಹೇಳಿಕೊಂಡಿದ್ದೇನೆ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ.

೧೯ ಜನವರಿ, ಗುರುವಾರ. ಸಂಜೆ ೫

ಪತ್ರಿಕೆಗೆ ನಾನು ವಾರಕ್ಕೊಮ್ಮೆ ಬರೆಯುವ ಅಂಕಣದ ದಿನ. ಪ್ರೆಸ್ಸಿನಿಂದ ಎರಡು ಸಲ ಫೋನು. "ಗುಂಡುಸೂಜಿ ಎಲ್ಲಿ?" ಎಂದರು ಸಂಪಾದಕರು. ಗುಂಡುಸೂಜಿ ಅಂದರೆ ನಾನು. ಪತ್ರಿಕೆಯ ಹೊರಗೆ ಈ ಗುಟ್ಟು ಸುಮನ್‌ಗೆ ಗೊತ್ತು, ಪಂಢರಿನಾಥನಿಗೆ ಗೊತ್ತು. ಆಫೀಸಿನ ಸಾಹೇಬರಿಗೆ ಗೊತ್ತಾದರೆ ನೌಕರಿಗೆ ಸಂಚಕಾರ.

ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಇದ್ದದ್ದನ್ನು ಬರೆದೆ. ಹೆಸರಿಲ್ಲ, ಊರಿಲ್ಲ.

"ನಮ್ಮೊಬ್ಬ ಮಾಲಿ ಮಹಾಶಯರು ಮೂವತ್ತು ವರ್ಷ ತಮ್ಮ ಟ್ರಂಕಿನಲ್ಲಿ ಬ್ರಿಟಿಷ್ ಸಾಮ್ರಾಜ್ಯವನ್ನೇ ಕೆಂಪು ಅರಿವೆಯಲ್ಲಿ ಕಟ್ಟಿ ಇಟ್ಟಿದ್ದರು. ಮೊನ್ನೆ ಬಿಚ್ಚಿ ನೋಡಿದರೆ — ಜರ್ಮನಿ!"

ಕಂಪೋಜ್ ಮಾಡುವವರು ಬಿದ್ದು ಬಿದ್ದು ನಕ್ಕರಂತೆ.

ಬರೆದು ಮುಗಿಸುವ ಹೊತ್ತಿಗೆ ನನಗೂ ಅದು ಜರ್ಮನ್ ಇರಬಹುದು ಅನ್ನಿಸಹತ್ತಿತ್ತು. ಸುಳ್ಳನ್ನು ಮಸಿಯಲ್ಲಿ ಅದ್ದಿದರೆ ಅರ್ಧ ನಿಜವಾಗುತ್ತದೆ.

೨೩ ಜನವರಿ, ಸೋಮವಾರ

ನಿನ್ನೆ ಅಚ್ಚಾಯಿತು. ಸಂಪಾದಕರು, ವರ್ಷದಲ್ಲೇ ಇದು ಎಲ್ಲಕ್ಕಿಂತ ಚಲೋ ಎಂದರು. ಸದಾಶಿವನಗರದಿಂದ ಒಬ್ಬ ನಿವೃತ್ತ ಮಾಸ್ತರರು ಕಾರ್ಡು ಬರೆದು, ಟಪಾಲಿಗೂ ಕಾಯದೆ ಪ್ರೆಸ್ಸಿಗೆ ತಂದುಕೊಟ್ಟಿದ್ದಾರೆ.

ಬಟ್ಟಲನ್ನು ಕಪಾಟಿನೊಳಗೆ ಹಿಂದಕ್ಕೆ ಸರಿಸಿದೆ. ಮುಂದೆ ಟೋಸ್ಟ್ ಸ್ಟ್ಯಾಂಡು ಇಟ್ಟೆ.

೬ ಫೆಬ್ರುವರಿ, ಸೋಮವಾರ. ಮಧ್ಯಾಹ್ನ

ಎರಡು ವಾರ ಏನೂ ಬರೆದಿಲ್ಲ. ಬಟ್ಟಲನ್ನು ತಿಕ್ಕಿಲ್ಲ. ಗುರುಪುತ್ರಪ್ಪನವರು ತಾವಾಗಿಯೇ ವಿಭೂತಿ ಕಳಿಸಿದ್ದಾರೆ.

ಇಂದು ಪಂಢರಿನಾಥ ನಗುತ್ತ ಬಂದು ಕುಳಿತ. ಹೇಳುತ್ತ ಹೇಳುತ್ತ ನಗುವುದನ್ನು ಬಿಟ್ಟ.

ಖಾನಾಪುರದ ಬಸ್‌ಸ್ಟ್ಯಾಂಡಿನ ಕಟಿಂಗ್ ಸಲೂನಿಗೆ ನಮ್ಮ ಪತ್ರಿಕೆ ಹೋಗುತ್ತದೆ. ಬಾಳಪ್ಪನಿಗೆ ಓದು ಬಾರದು. ಆದರೆ ಪ್ರತಿ ವಾರ ಅಲ್ಲಿ ಕೂತು ಗುಂಡುಸೂಜಿಯ ಅಂಕಣ ಓದಿಸಿ ಕೇಳುತ್ತಾನಂತೆ. ಆ ದಿನವೂ ಓದಿಸಿದ.

"ಮೊದಲ ಅವನೂ ನಕ್ಕನಂತ ರಾಯರ. ಜೋರ ನಕ್ಕನಂತ. ಮುಂದ ಕೆಂಪು ಅರಿವಿ ಅಂತ ಬಂದ ಕೂಡ್ಲೆ ಸುಮ್ಮನಾದ. 'ಇದು ನಮ್ಮ ಮನೀ ಸುದ್ದಿ ಅಲ್ಲ. ನಮ್ಮದು ಬೆಳ್ಳಿ. ತೋರಸ್ತೀನಿ ತಡೀರಿ' ಅಂತ ಮನಿಗೆ ಓಡಿದ. ಟ್ರಂಕ್ ತೆಗೆದ್ರ ಖಾಲಿ. ಆವಾಗ ಆ ಮುದುಕಿ ಹೇಳಬೇಕಾತು, ಜರ್ಮನ್ ಇತ್ತು, ಯಾರೋ ಒಯ್ದ್ರು ಅಂತ."

ಈಗ ಊರಲ್ಲಿ ಅವನ ಹೆಸರು ಜರ್ಮನ್ ಬಾಳಪ್ಪ. ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಕಚೇರಿ ಮುಂದಿನ ಗುಲಾಬಿ ಒಣಗುತ್ತಿವೆ. ಮೊಮ್ಮಗಳ ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕಟ್ಟಿದ್ದಾರೆ.

"ಒಯ್ದಾವ್ರು ಯಾರು ಅಂತ ನಾ ಕೇಳಂಗಿಲ್ಲ," ಎಂದ ಪಂಢರಿನಾಥ. "ಕೇಳಿದ್ರ ನೀವು ಹೇಳಬೇಕಾಗತದ."

ಫೈಲಿನಲ್ಲಿ ಮುಖ ಹಾಕಿದೆ. ಫೈಲು ತಲೆಕೆಳಗಾಗಿತ್ತು.

೧೨ ಫೆಬ್ರುವರಿ, ರವಿವಾರ. ಸಂಜೆ

ಬೆಳಗಿನ ಪ್ಯಾಸೆಂಜರಿಗೆ ಖಾನಾಪುರಕ್ಕೆ ಹೋದೆ. ಚೀಲದಲ್ಲಿ ಬಟ್ಟಲು. ಸ್ಟೇಶನ್ನಿನಲ್ಲಿ ಇಳಿದೆ. ಚಹಾ ಕುಡಿದೆ. ಇನ್ನೊಂದು ಚಹಾ ಕುಡಿದೆ. ರೈಲ್ವೆ ಟೈಮ್‌ಟೇಬಲನ್ನು ಪೂರ್ತಿ ಓದಿದೆ, ಗೋವಾ ಗಾಡಿಗಳನ್ನೂ ಬಿಡದೆ. ಮುಂದಿನ ಗಾಡಿಗೆ ತಿರುಗಿ ಬಂದೆ.

ಈ ಪ್ರವಾಸದ ಬಗ್ಗೆ ಅಂಕಣ ಬರೆದರೆ ಜನ ನಗುತ್ತಾರೆ. ಅದೇ ಹೆದರಿಕೆ.

೨೬ ಫೆಬ್ರುವರಿ, ರವಿವಾರ. ಸಂಜೆ ೬

ಇಂದು ಸ್ಟೇಶನ್ನಿನಿಂದ ಹೊರಗೆ ನಡೆದೆ.

ಬಾಳಪ್ಪನನ್ನು ಮೊದಲ ಸಲ ನೋಡಿದೆ. ಎಪ್ಪತ್ತು ದಾಟಿದ ಮುದುಕ. ಮನೆಯೊಳಗೂ ಖಾಕಿ ಕೋಟು. ಉಗುರಿನ ಸಂದಿಯಲ್ಲಿ ಮಣ್ಣಿಲ್ಲ. ಮಾಲಿಯ ಕೈ ಹಾಗಿರಬಾರದು. ಬಟ್ಟಲು ತೆಗೆದು ಮುಂದಿಟ್ಟೆ. ಎತ್ತಿಕೊಂಡು, ಕೊರೆದ ಅಕ್ಷರಗಳ ಮೇಲೆ ಹೆಬ್ಬೆಟ್ಟು ಆಡಿಸಿದ.

"ಇದರಾಗ ನನ್ನ ಹೆಸರ ಇಲ್ಲರೀ. ಸಾಹೇಬಂದೈತಿ. ಆದ್ರ ಹೂ ಬೆಳದಾಂವ ನಾನು. ಬೀಜ ರಾತ್ರೆಲ್ಲಾ ನೀರಾಗ ನೆನಿಯಿಟ್ಟು, ಬೆಳಗಾವಿಗೆ ಚಕ್ಕಡ್ಯಾಗ ಕುಂಡಾ ಅಲಗಾಡದ್ಹಂಗ ತೊಡಿ ಮ್ಯಾಲ ಇಟಗೊಂಡ ಒಯ್ದಿದ್ದೆ. ಅದಕ್ಕ ಹೋಗೂ ಮುಂದ ಮೇಮ್‌ಸಾಹೇಬರು ಇದನ್ನ ನನ್ನ ಕೈಯಾಗ ಕೊಟ್ರು."

ಹೇಳಿದೆ. "ಇದು ಬೆಳ್ಳಿನೇ ಅದ. ಅಸಲಿ. ನಾ ಅವತ್ತ ನಿಮ್ಮ ಮನಿಯವರ ಮುಂದ ಸುಳ್ಳು ಹೇಳಿದ್ದೆ."

ಚಂದ್ರವ್ವ ಒಲೆಯ ಮುಂದಿದ್ದಳು. ಊದುವುದು ನಿಂತಿತು.

ಬಾಳಪ್ಪ ನಕ್ಕ. ಸಿಟ್ಟಿನಿಂದಲ್ಲ. ಕೂಸು ಕಥೆ ಕಟ್ಟಿದಾಗ ಹಿರಿಯರು ನಗುವ ಹಾಗೆ. "ನಿಮ್ಮಂಥ ಕಲ್ತಾವ್ರು ಯಾಕ ಸುಳ್ಳ ಹೇಳ್ತೀರ್ರೀ? ಮುದುಕ ಮೂಲಿ ಹಿಡದಾನ ಅಂತ ಪಂಢರಿನಾಥರು ಹೇಳಿರಬೇಕು. ಸಮಾಧಾನ ಆಗ್ಲಿ ಅಂತ ಬಂದೀರಿ. ದೊಡ್ಡ ಮನಸ್ಸು ನಿಮ್ಮದು."

"ಅಲ್ಲ ಬಾಳಪ್ಪ, ಖರೇನ..."

"ಪೇಪರಿನಾಗ ಬಂದೈತ್ರೀ. ಅಚ್ಚಾದ ಮಾತು. ಆ ಗುಂಡುಸೂಜಿ ಅನ್ನಾಂವ ಭಾಳ ಶಾಣ್ಯಾ ಮನಶ್ಯಾ. ವಾರಾ ಕೇಳ್ತಿದ್ದೆ ನಾ. ಒಬ್ಬರದೂ ಭಿಡೆ ಇಲ್ಲ ಅವಗ. ಅವ ಬರದಾನಂದ್ರ ತಿಳದ ಬರದಿರಬೇಕು."

ನನ್ನ ಸುಳ್ಳು ಎರಡೇ ನಿಮಿಷದಲ್ಲಿ ನಂಬಿಕೆ ಗಳಿಸಿತ್ತು. ನಿಜ ಹೇಳಿದರೆ ಮರ್ಯಾದೆ ಸಿಕ್ಕಿತು, ನಂಬಿಕೆ ಸಿಗಲಿಲ್ಲ.

ಆ ಗುಂಡುಸೂಜಿ ನಾನೇ ಎಂದು ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು ಬೇರೆ: "ಪತ್ತಾರಗ ತೋರಸೂಣು. ಅವನ ಮಾತರೆ ನಂಬ್ತೀರಲ್ಲ?"

ಹೊರಡುವಾಗ ಚಂದ್ರವ್ವ ಬಾಗಿಲ ತನಕ ಬಂದಳು. ಕೆಂಪು ಅರಿವೆಯ ಗಂಟು ಕಂಡ ಹೊರಗಿನವನು ನಾನೊಬ್ಬನೇ ಎಂಬುದು ಅವಳಿಗೆ ಗೊತ್ತು. ಗುಂಡುಸೂಜಿ ಯಾರೆಂಬುದೂ ಪತ್ರಿಕೆ ಬಂದ ದಿನದಿಂದ ಗೊತ್ತಿರಬೇಕು. "ಗಾಡಿಗೆ ಹೊತ್ತಾತು, ಹೋಗ್ರಿ," ಎಂದಳು.

೫ ಮಾರ್ಚ್, ರವಿವಾರ. ಸಂಜೆ ೭

ಪತ್ತಾರ ರಾಯಪ್ಪನ ಅಂಗಡಿ. ನಾವು ಮೂವರು, ಅವನು, ಅವನ ಇದ್ದಿಲ ಒಲೆ.

ಪೀಠದ ಅಂಚಿಗೆ ಅರ ಹಾಕಿದ. ಚೂರನ್ನು ಬೆಂಕಿಯಲ್ಲಿ ಕಾಯಿಸಿದ. ತಣಿಸಿ, ಕಣ್ಣ ಹತ್ತಿರ ಹಿಡಿದ. ನನಗೆ ಉತ್ತರ ಗೊತ್ತಿತ್ತು. ಆದರೂ ಮುಂದೆ ಸರಿದು ಕೂತೆ. ಬಾಳಪ್ಪ ಕೋಟಿನ ಗುಂಡಿಯನ್ನು ಹಾಕಿದ, ತೆಗೆದ, ಮತ್ತೆ ಹಾಕಿದ.

"ಏ ಬಾಳಪ್ಪಣ್ಣ, ಚೊಕ್ಕ ಬೆಳ್ಳಿ ಐತಲೋ ಇದು!" ರಾಯಪ್ಪ ಅಂದ. "ಇದನ್ನ ಜರ್ಮನ್ ಅಂದ ಹುಂಬ ಯಾಂವ?"

ನಾನು ಮಾತಾಡಬೇಕಿತ್ತು. ಒಲೆಯ ಕಡೆ ನೋಡುತ್ತ ಕೂತೆ.

ಚಂದ್ರವ್ವ ಸೆರಗು ಸರಿಮಾಡಿಕೊಂಡು ಹೇಳಿದಳು, "ಯಾವನೋ ಭಾಂಡೆ ಮಾರಾಂವ ಬಂದಿದ್ದ. ಸ್ಟೀಲಿನ ಡಬ್ಬಿ ಕೊಟ್ಟು ಇದನ್ನ ಒಯ್ದಿದ್ದ. ಈ ಸಾಹೇಬರು ಹುಡಕಿ ತಂದಕೊಟ್ರು."

ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಚಲೋ ಇತ್ತು.

ಬಾಳಪ್ಪ ಕೈ ಮುಗಿದ. ಅದು ನನಗೆ ಈ ಮನೆಯಿಂದ ಎರಡನೆಯ ಸಲ.

"ಹಂಗಾರ ಕರಗಿಸ ರಾಯಪ್ಪ. ಶಿವರಾತ್ರಿಗೆ ಕೂಸಿನ ಕೊಳ್ಳಾಗ ಬೀಳಲಿ. ತೋರಸಾಕ ಇಟಗೊಂಡ ಏನ ಬಂತು?"

ಇದನ್ನು ಬರೆದಿಡಬೇಕು. ಆಗಲೂ, ಅಲ್ಲಿಯೂ, ನನ್ನ ನಾಲಿಗೆಯ ತುದಿಯಲ್ಲಿ ಇದ್ದದ್ದು — 'ಇಷ್ಟೇ ತೂಕದ ಬೆಳ್ಳಿ ನಾ ಕೊಡ್ತೀನಿ, ಬಟ್ಟಲ ನನಗ ಕೊಡ್ರಿ.' ನುಂಗಿದೆ. ಒಳ್ಳೆಯವನಾಗಿ ನುಂಗಲಿಲ್ಲ. ಚಂದ್ರವ್ವ ಇದ್ದಳು, ಅದಕ್ಕೆ.

ರಾಯಪ್ಪ ಬಟ್ಟಲನ್ನು ಲೋಹ ಕರಗಿಸುವ ಕೋವೆಗಿಟ್ಟ. ಮೊದಲು ಸಾಹೇಬನ ಹೆಸರು ಹೋಯಿತು. ಆಮೇಲೆ ಹೂವಿನ ಹೆಸರು. ಲಂಗರು, ಸಿಂಹ ಪೀಠದ ಅಡಿಗಿದ್ದವು. ಸ್ವಲ್ಪ ಹೊತ್ತು ನಿಂತು, ಮುಳುಗಿದವು. ಕೋವೆಯಲ್ಲಿ ಒಂದು ಹೊಳೆಯುವ ಹನಿ ಉಳಿಯಿತು. ಬಾಳಪ್ಪ ಬಗ್ಗಿ ನೋಡಿದ. ಅವನ ಮುಖದ ಮೇಲೆ ಅದರ ಬೆಳಕು.

ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದ. "ಸಾಹೇಬ್ರ, ನನ್ನ ಎದಿ ಹಗರಾತು. ಆದ್ರ ಊರಿಗೆ ಯಾರ ಹೇಳ್ತಾರ್ರೀ? ರಾಯಪ್ಪ ಎಷ್ಟ ಮಂದೀಗೆ ಹೇಳ್ಯಾನು? ಪೇಪರಿನಾಗ ಬಂದದ್ದು ಪೇಪರಿನಾಗನ ಹೋಗಬೇಕು. ನೀವು ಬರದ ಕೇಳ್ರಿ ಆ ಗುಂಡುಸೂಜಿಗೆ. ತಪ್ಪಾಗೇತಿ ಅಂತ ಒಂದ ಮಾತ ಹಾಕಲಿ. ಅವ ಮನಶ್ಯಾ ಚಲೋ ಇದ್ದಾನ, ಹಾಕ್ತಾನ."

ಕೇಳುತ್ತೇನೆ ಎಂದೆ.

ಬಾಳಪ್ಪ ಅತ್ತ ಹೋದ ಮೇಲೆ ಚಂದ್ರವ್ವ ಡಬ್ಬಿ ತಂದು ಕೊಟ್ಟಳು. ಅದೇ ಡಬ್ಬಿ. ತೊಳೆದು, ಫಳಫಳ. ಭಾರ ಇತ್ತು. "ಖಾಲಿ ಡಬ್ಬಿ ಹೊಳ್ಳಿ ಕೊಡಬಾರದ್ರೀ. ಶೇಂಗಾದ ಹೋಳಗಿ ಅದಾವು. ನಿಮ್ಮ ಮನ್ಯಾಗಿನವರಿಗೆ ಕೊಡ್ರಿ."

ಮನೆಯಲ್ಲಿ ಸುಮನ್ ಮೂರೂ ಅಂತಸ್ತು ತೆಗೆದು ನೋಡಿದಳು. "ಟ್ರೇನಿನ್ಯಾಗ ಮರತ ಡಬ್ಬಿ ಹೋಳಗಿ ತುಂಬಕೊಂಡು ಬಂತಲ್ಲ! ನಮ್ಮ ರೈಲ್ವೆ ಇಷ್ಟ ಸುಧಾರಿಸೇದೇನು?"

ಅವಳಿಗೆ ಎಲ್ಲ ಹೇಳಿದೆ. ಪೂರ್ತಿ. ಮಧ್ಯದಲ್ಲಿ ಒಂದು ಸಲವೂ ತಮಾಷೆ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಕೊನೆಗೆ ಒಂದು ಹೋಳಿಗೆ ಮುರಿದು ಅರ್ಧ ನನ್ನ ಕೈಯಲ್ಲಿಟ್ಟಳು.

"ಆ ಮಾತು ಗುಂಡುಸೂಜಿ ಬರೀತಾನೋ, ನೀವು ಬರೀತೀರೋ?"

೯ ಮಾರ್ಚ್, ಗುರುವಾರ. ಬೆಳಿಗ್ಗೆ ೧೦

ರಜೆ ಹಾಕಿದ್ದೇನೆ. ಮಂಗಳವಾರ ಶಿವರಾತ್ರಿ ಆಯಿತು. ಕರಡಿಗೆ ಕೂಸಿನ ಕೊರಳಿಗೆ ಬಿತ್ತಂತೆ, ಪಂಢರಿನಾಥ ಹೇಳಿದ. ಬಾಳಪ್ಪ ಇನ್ನೂ ಸಲೂನಿಗೆ ಬಂದಿಲ್ಲ. ಈ ರವಿವಾರದ ಪತ್ರಿಕೆ ಬರಲಿ, ಆಮೇಲೆ ಬರುತ್ತೇನೆ ಎಂದಿದ್ದಾನಂತೆ.

ಸಂಜೆಯೊಳಗೆ ಪ್ರೆಸ್ಸಿಗೆ ಮುಟ್ಟಿಸಬೇಕು. ಮೂರು ಸಲ ಬರೆದು ಹರಿದೆ. ಮೊದಲನೆಯದು ಬಹಳ ಚೆನ್ನಾಗಿತ್ತು. ಓದಿದವರು ನಗುತ್ತಿದ್ದರು, ನನ್ನನ್ನು ಕ್ಷಮಿಸಿಯೂ ಬಿಡುತ್ತಿದ್ದರು. ಅದಕ್ಕೇ ಹರಿದೆ. ಎರಡನೆಯದರಲ್ಲಿ "ಕಣ್ತಪ್ಪಿನಿಂದ" ಎಂಬ ಶಬ್ದ ಬಂದಿತ್ತು. ಮೂರನೆಯದು "ಒಬ್ಬ ಗೆಳೆಯನ ತಪ್ಪು" ಎಂದು ಶುರುವಾಗಿತ್ತು.

ಇಲ್ಲೇ ಬರೆದು ನೋಡುತ್ತೇನೆ. ಆಮೇಲೆ ನಕಲು ಮಾಡಿದರಾಯಿತು.

"ಖಾನಾಪುರದ ಮಾಲಿ ಬಾಳಪ್ಪನವರ ಬಟ್ಟಲು ಬೆಳ್ಳಿಯದು. ಪತ್ತಾರ ರಾಯಪ್ಪನವರು ಬೆಂಕಿಗೆ ಹಿಡಿದು ನೋಡಿದ್ದಾರೆ. ೧೯೩೨ರ ಫ್ಲವರ್ ಶೋದಲ್ಲಿ ಮೊದಲ ಬಹುಮಾನ ಪಡೆದ ಹೂವನ್ನು ಬೆಳೆದವರು ಬಾಳಪ್ಪನವರು. ಆ ಬೆಳ್ಳಿ ಈಗ ಅವರ ಮೊಮ್ಮಗಳ ಕೊರಳಲ್ಲಿದೆ. ಅದು ಬೆಳ್ಳಿ ಎಂದು ಗೊತ್ತಿದ್ದೂ ಜರ್ಮನ್ ಎಂದು ಸುಳ್ಳು ಹೇಳಿ ಒಯ್ದವನು, ಆಮೇಲೆ ಇದೇ ಜಾಗದಲ್ಲಿ ಅವರನ್ನು ನಗೆಗೀಡು ಮಾಡಿದವನು, ಇಬ್ಬರಲ್ಲ. ಒಬ್ಬನೇ. ಗುಂಡುಸೂಜಿ ಎಂಬುದು ಅವನ ಹೆಸರಲ್ಲ. ಅವನ ಹೆಸರು —